ನಾಲಿಗೆಗೆ ಕಡ್ಡಿ

ಡೋರೀನ್ ಮಗಳು ಟೆಸ್‌ಗೆ ಜಡೆ ಹೆಣೆಯುತ್ತಿದ್ದಾಗ ಮಾಲೀಕ ಕರ್ಟಿಸ್‌ನ ಫೋನು ಬಂತು.

“ಮಾರ್ಗೋಗೆ ಜ್ವರ ಅಂತೆ. ನಾಲಿಗೆಗೆ ಕಡ್ಡಿ ಸಿಕ್ಕಿಸ್ಕೊಂಡು ನಿಲ್ಲೋಕೆ ಯಾರೂ ಇಲ್ಲ. ನಿನ್ನ ಮಗಳನ್ನೇ ಕರ್ಕೊಂಡು ಬಾ. ಆಗಲ್ಲ ಅಂದ್ರೆ ನಾಳೆಯಿಂದ ನೀನೂ ಬರ್ಬೇಡ.”

ಬಾಸ್ಟನ್ನಿನ ಹಳೆಯ ಬೀದಿಗಳಲ್ಲಿ ಪ್ರವಾಸಿಗರನ್ನು ನಡೆಸಿಕೊಂಡು ಹೋಗಿ ಪ್ಯೂರಿಟನ್ನರ ಕಥೆ ಹೇಳುವುದು ಡೋರೀನಳ ಕೆಲಸ. ದೇವರ ಊರು ಕಟ್ಟುತ್ತೇವೆಂದು ಸುಮಾರು ನಾನೂರು ವರ್ಷಗಳ ಹಿಂದೆ ಇಂಗ್ಲೆಂಡಿನಿಂದ ಬಂದ ಆ ಕಟ್ಟಾ ಕ್ರೈಸ್ತ ಜನ, ಬಾಯಿ ಹೆಚ್ಚಾದವರ ನಾಲಿಗೆಗೆ ಸೀಳಿದ ಕಡ್ಡಿ ಸಿಕ್ಕಿಸಿ ಎಲ್ಲರೆದುರು ನಿಲ್ಲಿಸುತ್ತಿದ್ದರು. ಅದನ್ನು ಮಾಡಿ ತೋರಿಸಿದರೇ ಪ್ರವಾಸಿಗರಿಗೆ ಖುಷಿ.

ಚರ್ಚಿನ ಮೆಟ್ಟಿಲ ಮೇಲೆ ಎಂಟು ವರ್ಷದ ಟೆಸ್ ನಾಲಿಗೆ ಚಾಚಿದಳು. ದೊಡ್ಡವಳಾದ ಮಾರ್ಗೋ ದಿನಾ ಸಿಕ್ಕಿಸಿಕೊಳ್ಳುತ್ತಿದ್ದ ಬಿಗಿ ಕಡ್ಡಿ ಆ ಎಳೆಯ ನಾಲಿಗೆಯನ್ನು ಕಚ್ಚಿ ಹಿಡಿಯಿತು.

“ನಮ್ಮತ್ತೆಗೂ ಇಂಥದೊಂದು ಮಾಡಿಸ್ಕೊಡಿ” ಎಂದನೊಬ್ಬ.

“ಏ ಪುಟ್ಟಿ, ಈಗ ಮಾತಾಡು ನೋಡೋಣ” ಎಂದಳು ಪಕ್ಕದವಳು.

ಟೆಸ್‌ಳ ಜೊಲ್ಲು ಗಲ್ಲದಿಂದ ಇಳಿಯಿತು, ಕಣ್ಣು ತುಂಬಿತು. ಅವಳು ಅಮ್ಮನ ಲಂಗ ಹಿಡಿದು ಜಗ್ಗಿದಳು. ಗುಂಪಿನ ಹಿಂದೆ ನಿಂತಿದ್ದ ಕರ್ಟಿಸ್ ಮುಂದುವರಿಸು ಎಂದು ಕೈಯಾಡಿಸಿದ. ಡೋರೀನ್ ಕಥೆಯನ್ನು ಕೊನೆಯವರೆಗೂ ಹೇಳಿದಳು, ಜನ ನಗುವ ಮಾತುಗಳನ್ನೂ ಬಿಡಲಿಲ್ಲ.

ಚಪ್ಪಾಳೆ ತಟ್ಟಿ ಜನ ಮುಂದೆ ಸಾಗಿದ ಮೇಲೆ ಅವಳು ಕಡ್ಡಿ ಬಿಡಿಸಿದಳು. ಸೀಳಿನಲ್ಲಿ ರಕ್ತ ಅಂಟಿತ್ತು.

“ತುಂಬಾ ಚೆನ್ನಾಗಿ ನಿಂತೆ ಬಂಗಾರ, ಐಸ್‌ಕ್ರೀಮ್ ಕೊಡಿಸ್ತೀನಿ.”

ಟೆಸ್ ತೋಳಿನಿಂದ ಬಾಯಿ ಒರೆಸಿಕೊಂಡು ಅಮ್ಮನ ಮುಖವನ್ನೇ ನೋಡಿದಳು.

“ನಂಗೆ ನೋಯ್ತಿದೆ ಅಂತ ನಿಂಗೆ ಗೊತ್ತಾಗಿತ್ತು, ಅಲ್ವಾ ಅಮ್ಮ?”