ಎರವಲು ಕೂಗು

ಕೂಗುವುದಾದರೆ ಯಾರ ಹಾಗೆ ಕೂಗುವುದು? ತನ್ನ ಹಾಗೆ ಎಂದರೆ, ಆ ದಿನ ತಾನು ಕೂಗಿರಲೇ ಇಲ್ಲ. ಕಾಲು ಹೋದದ್ದು ಗೊತ್ತಾದ ಮೇಲೂ ಬಾಯಿ ತೆರೆದಿತ್ತೇ ಹೊರತು ಸದ್ದು ಹೊರಡಲಿಲ್ಲ. ವರ್ಝಾಝಾತಿನ ಬಯಲಿನಲ್ಲಿ, ಸಿನಿಮಾಕ್ಕೆಂದು ಹಲಗೆ ಮತ್ತು ಸುಣ್ಣದಿಂದ ಕಟ್ಟಿದ ಯಾವುದೋ ಪರದೇಶದ ಬೀದಿಯಲ್ಲಿ ಅಂಗಾತ ಮಲಗಿದ್ದ ಒಂಟಿಕಾಲಿನ ಹುಡುಗ ಇದ್ದೆರ್ ಇದನ್ನೇ ಯೋಚಿಸುತ್ತಿದ್ದ. ಮೊಣಕಾಲಿನ ಕೆಳಗೆ ಕಟ್ಟುವ, ಮದ್ದು ತುಂಬಿದ ರಬ್ಬರು ಕಾಲು ಬೆಳಗಿನಿಂದ ಒಂದಾದ ಮೇಲೊಂದು ಸಿಡಿಯುತ್ತಲೇ ಇತ್ತು. ಸಕ್ಕರೆ ಪಾಕಕ್ಕೆ ಬಣ್ಣ ಬೆರೆಸಿದ ರಕ್ತಕ್ಕೆ ನೊಣ ಮುತ್ತಿದ್ದವು.

ನಿರ್ದೇಶಕನ ಮಾತನ್ನು ಊರಿನವರಿಗೆ ತಿಳಿಸುವ ಮೋಹಾ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಏನಪ್ಪಾ ಇದ್ದೆರ್, ಕಾಲು ಹಾರಿಹೋದೋನು ಚಹಾಕ್ಕೆ ಕಾಯೋನ ಥರ ಬಿದ್ಕೊಂಡಿದ್ದಾನಲ್ಲ ಅಂತಾನೆ ಸಾಹೇಬ."

"ನಿಜಕ್ಕೂ ಹೋದಾಗ ಹಿಂಗೇ ಬಿದ್ದಿದ್ದೆ."

"ನಿಜ ಯಾರಿಗೆ ಬೇಕೋ ಮಾರಾಯ. ನೋಡೋರಿಗೆ ಹೊಟ್ಟೆ ತೊಳಸಬೇಕು. ಆಗಲ್ಲ ಅಂದ್ರೆ ಹೇಳು, ಝಗೋರಾದಲ್ಲಿ ಇನ್ನೊಬ್ಬ ಒಂಟಿಕಾಲಿನೋನಿದ್ದಾನೆ. ನಿಮ್ಮವ್ವನ್ನೂ ಕರ್ಕೊಂಡು ಮನೆಗೆ ನಡಿ."

ಅವನ ಅವ್ವ, ತೂದಾ, ಬೀದಿಯ ಗೋಡೆಯ ಬುಡದಲ್ಲಿ, ಅಳುವುದಕ್ಕೆಂದು ಕೂರಿಸಿದ್ದ ಹೆಂಗಸರ ನಡುವೆ ಇದ್ದಳು. ಬಾವಿ ತೋಡುವ ಕೂಲಿಗೆಂದು ದಕ್ಷಿಣದ ಮರಳುಗಾಡಿಗೆ ಹೋದ ಅವಳ ಇಬ್ಬರು ಮಕ್ಕಳಲ್ಲಿ, ನೆಲಬಾಂಬಿನ ಮೇಲೆ ಗಾಡಿ ಹರಿದ ಮೇಲೆ, ಕಿರಿಯವನೊಬ್ಬನೇ ತಿರುಗಿ ಬಂದಿದ್ದ. ಅಣ್ಣ ಬಹಾಗೆ ಏನೂ ಗೊತ್ತಾಗಲಿಲ್ಲ, ದೀಪ ಆರಿದ ಹಾಗೆ ಹೋದ ಎಂದು ಇದ್ದೆರ್ ಆಸ್ಪತ್ರೆಯ ಮಂಚದಿಂದ ಹೇಳಿದ್ದ. ಆ ಮಾತನ್ನು ಹಿಡಿದುಕೊಂಡೇ ಅವಳು ಮತ್ತೆ ರೊಟ್ಟಿ ಮುರಿದು ಬಾಯಿಗಿಟ್ಟಿದ್ದು. ಕೇರಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಹೋಗಿ ಕೂತು ಅದನ್ನೇ ಹೇಳುವಳು: "ನನ್ನ ಬಹಾಗೆ ದೇವರು ನೋವು ಕೊಡಲಿಲ್ಲ."

ಬಹಾ ಸತ್ತದ್ದು ಹಾಗಲ್ಲ. ಬೆಳಗಿನಿಂದ ಬಿಸಿಲು ನೆತ್ತಿಗೇರುವ ತನಕ ಅವನು ಕೂಗುತ್ತಲೇ ಇದ್ದ. ಇದ್ದೆರ್‌ಗೆ ಗೊತ್ತಿದ್ದ ಕೂಗು ಅದೊಂದೇ.

ಕ್ಯಾಮೆರಾ ಓಡಿತು, ರಬ್ಬರು ಕಾಲು ಸಿಡಿಯಿತು. ಕೂಗು ಗಂಟಲಿನ ತಳದಲ್ಲೆಲ್ಲೋ ಎಳೆಗರುವಿನ ದನಿಯಂತೆ ಶುರುವಾಗಿ, ಮೇಲೇರಿ, ನಡುವೆ ಒಡೆದು, ಮತ್ತೆ ತಳದಿಂದ ಎದ್ದಿತು. ಅದು ನಿಂತದ್ದೇ ನಿರ್ದೇಶಕ ಚಪ್ಪಾಳೆ ತಟ್ಟಿದ.

"ಎಲ್ಲಿ ಬಚ್ಚಿಟ್ಟಿದ್ಯೋ ಇದನ್ನ?" ಎಂದ ಮೋಹಾ. "ಇನ್ನೊಂದ್ಸಲ ಬೇಕಂತೆ, ಹಿಂಗೇ. ಹತ್ತಿರದಿಂದ ತೆಗೀತಾರೆ."

ಹೊಸ ಕಾಲು ಕಟ್ಟುವಷ್ಟರಲ್ಲಿ ಅವ್ವ ನೀರಿನ ಬಾಟಲಿ ಹಿಡಿದು ಬಂದು ನಿಂತಿದ್ದಳು.

"ಆ ಕೂಗು ನಿಂದಲ್ಲ."

"ಸಿನಿಮಾ ಕಣವ್ವ. ಅವ್ರು ಹೇಳ್ಕೊಟ್ಟಿದ್ದು."

"ಚಿಕ್ಕೋನಿದ್ದಾಗ ಬಹಾಗೆ ಚೇಳು ಕಡಿದಿತ್ತು. ಆಗ ಹಿಂಗೇ ಕೂಗಿದ್ದ. ಹಿಂಗೇ ನಡುವೆ ಒಡೀತಿತ್ತು." ಅವಳು ಅವನ ಮುಖ ನೋಡಲಿಲ್ಲ, ರಬ್ಬರು ಕಾಲನ್ನು ನೋಡುತ್ತಿದ್ದಳು. "ಎಷ್ಟು ಹೊತ್ತು ಇದ್ದ ಅವನು?"

"ನೀರು ಕೊಡವ್ವ."

ಕೊಟ್ಟಳು. ಅವನು ಕುಡಿದು ಮುಗಿಸುವ ತನಕ ಕಾದಳು. ಅವನು ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಇದ್ದ.

"ಅಜ್ಜೀ, ನಿನ್ನ ಜಾಗಕ್ಕೆ ಹೋಗು," ಎಂದು ಮೋಹಾ ಕರೆದ. "ಬಿಸಿಲು ಜಾರಿದ್ರೆ ಸಾಹೇಬ ನನ್ನನ್ನ ನುಂಗ್ತಾನೆ."

ಈ ಸಲ ಬೇರೆ ದನಿ ತೆಗೆಯಬೇಕೆಂದು ಇದ್ದೆರ್ ಹಲ್ಲು ಕಚ್ಚಿ ಮಲಗಿದ. ಕಾಲು ಸಿಡಿದಾಗ ಬಂದದ್ದು ಅದೇ. ಗೋಡೆಯ ಕಡೆಯಿಂದ ಇನ್ನೊಂದು ದನಿ ಎದ್ದಿತು. ಹೆಂಗಸರಿಗೆ ಕಲಿಸಿದ್ದ ಅಳು ಅದಾಗಿರಲಿಲ್ಲ. ಅಳುತ್ತಿದ್ದ ಉಳಿದವರು ಬಾಯಿ ಮುಚ್ಚಿ ತೂದಾಳ ಕಡೆ ತಿರುಗಿದರು. ನಿರ್ದೇಶಕ ಪಿಸುಗುಟ್ಟಿ ಕ್ಯಾಮೆರಾವನ್ನು ಅವಳ ಕಡೆ ತಿರುಗಿಸಿದ. ಅದೂ ಅವನಿಗೆ ಬೇಕಾಗಿತ್ತು.

ಸಂಜೆ ಊರಿಗೆ ಮರಳುವ ವ್ಯಾನಿನಲ್ಲಿ ಅವಳು ಸಿನಿಮಾದವರು ಊಟಕ್ಕೆಂದು ಕೊಟ್ಟಿದ್ದ ರೊಟ್ಟಿಯನ್ನೂ ಮೀನನ್ನೂ ಪಕ್ಕದವಳಿಗೆ ಕೊಟ್ಟುಬಿಟ್ಟಳು. ಮತ್ತೆ ಏನೂ ಕೇಳಲಿಲ್ಲ. ಅಂದಿನಿಂದ ಸಾವಿನ ಮನೆಗಳಿಗೆ ಹೋದರೂ ಸುಮ್ಮನೆ ಕೂತು ಎದ್ದು ಬರುತ್ತಿದ್ದಳು. ಬಹಾ ಅಷ್ಟು ಹೊತ್ತೂ ಕೂಗಿದ್ದು ಅವಳನ್ನೇ ಎಂದು ಇದ್ದೆರ್ ಅವಳಿಗೆ ಎಂದೂ ಹೇಳಲಿಲ್ಲ.