ವೆಂಡೆಲ್‌ನ ಮುಖ

ವೇಣುಗೋಪಾಲ ವಾರವಿಡೀ ಕೆನಡಾದ ಮಿಸಿಸಾಗದ ಆಫೀಸೊಂದರಲ್ಲಿ ಸೇತುವೆಗಳ ನಕ್ಷೆ ಬರೆಯುತ್ತಿದ್ದ. ಭಾನುವಾರವಾದರೆ ಕ್ಯಾಮೆರಾ ಹೆಗಲಿಗೇರಿಸಿ, ನ್ಯೂಮಾರ್ಕೆಟ್ ಪಟ್ಟಣ ದಾಟಿ ಇನ್ನೂ ಉತ್ತರಕ್ಕೆ, ಗಿಲಿಯಡ್ ಎಂಬ ಹಳ್ಳಿಗೆ ಹೊರಡುತ್ತಿದ್ದ. ಹಳ್ಳಿಯೆಂದರೆ ಏಳು ಮನೆ, ಒಂದು ಮರದ ಚರ್ಚು. ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ನಡೆದೇ ಬಂದ ಕಪ್ಪು ಜನರ ಮರಿಮಕ್ಕಳು ಅಲ್ಲಿ ಹೊಲದ ಕಲ್ಲು ಹೆಕ್ಕಿ, ಆಲೂಗಡ್ಡೆ ಬೆಳೆದು ಬದುಕಿದ್ದರು. ಅವರ ದಿನದಿನದ ಬದುಕನ್ನು ಫೋಟೋಗಳಲ್ಲಿ ಹಿಡಿದಿಡುವ ಹುಚ್ಚು ಅವನಿಗೆ ಸಾವಿರದ ಒಂಬೈನೂರ ತೊಂಬತ್ತೈದರಲ್ಲಿ ಹತ್ತಿತ್ತು.

ಅವನದೊಂದು ಕಟ್ಟಳೆ. ಯಾರೂ ಕ್ಯಾಮೆರಾ ನೋಡಕೂಡದು. "ನಾನಿಲ್ಲ ಅಂದ್ಕೊಂಡು ಕೆಲಸ ಮಾಡಿ" ಎನ್ನುತ್ತಿದ್ದ. ಮುದುಕಿ ಓರಾ ಟಾಲ್ಬರ್ಟಳ ಒಬ್ಬನೇ ಮಗ ವೆಂಡೆಲ್ ಮಾತ್ರ ಕೇಳುತ್ತಿರಲಿಲ್ಲ. ಕ್ಯಾಮೆರಾ ಕಂಡರೆ ಹಲ್ಲುಬಿಟ್ಟು ಎದುರಿಗೇ ನಿಂತುಬಿಡುತ್ತಿದ್ದ. ವೇಣು ಕ್ಯಾಮೆರಾ ಇಳಿಸಿ, ಅವನು ಬೇಸತ್ತು ತಿರುಗುವವರೆಗೆ ಕಾಯುತ್ತಿದ್ದ.

ತೊಂಬತ್ತೊಂಬತ್ತರ ಅಕ್ಟೋಬರಿನಲ್ಲಿ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಮಗುಚಿ ವೆಂಡೆಲ್ ಸತ್ತ.

ಓರಾ ಫೋನ್ ಮಾಡಿದಳು. "ಶವದ ಪೆಟ್ಟಿಗೆ ಮೇಲಿಡೋಕೆ ಅವನದೊಂದು ಫೋಟೋ ಬೇಕಪ್ಪಾ. ಹಳೇವೆಲ್ಲ ಮನೆಗೆ ಬೆಂಕಿ ಬಿದ್ದಾಗ ಹೋದವು. ಲೈಸೆನ್ಸಲ್ಲಿರೋದು ಕಳ್ಳನ ಫೋಟೋ ಥರ ಇದೆ. ನಿನ್ನ ಹತ್ರ ಬೇಕಾದಷ್ಟಿರುತ್ತೆ."

ವೇಣು ಬೇಸ್‌ಮೆಂಟಿನಲ್ಲಿ ನಾಲ್ಕು ವರ್ಷದ ನೆಗೆಟಿವ್‌ಗಳನ್ನೆಲ್ಲ ಹರಡಿ ಕೂತ. ವೆಂಡೆಲ್‌ನ ಬೆನ್ನು, ವೆಂಡೆಲ್‌ನ ಕೈ, ಹ್ಯಾಟಿನ ನೆರಳಲ್ಲಿ ಮುಳುಗಿದ ಕೆನ್ನೆ. ಹೆಂಡತಿ ಪದ್ಮಾ ಪಕ್ಕದಲ್ಲಿ ಕೂತು ಒಂದೊಂದನ್ನೇ ಬೆಳಕಿಗೆ ಹಿಡಿದಳು.

"ಒಂದರಲ್ಲೂ ಮುಖ ಇಲ್ವಲ್ರೀ."

"ನಾನೇ ತೆಗೀಲಿಲ್ಲ ಪದ್ಮಾ. ಅವನು ಪ್ರತೀ ಸಲ ಎದುರಿಗೇ ನಿಂತ್ಕೋತಿದ್ದ."

ಇದ್ದುದರಲ್ಲಿ ಒಳ್ಳೆಯದೆಂದು, ಚೀಲ ಹೊತ್ತು ಕೊಟ್ಟಿಗೆಗೆ ಹೋಗುತ್ತಿರುವ ಬೆನ್ನಿನ ಚಿತ್ರವನ್ನು ದೊಡ್ಡದು ಮಾಡಿಸಿ ಒಯ್ದ. ಓರಾಳ ಅಡುಗೆಮನೆಯಲ್ಲಿ ನೆರೆಯ ಹೆಂಗಸರು ಬ್ರೆಡ್ ಸುಡುತ್ತಿದ್ದರು. ಹಸುಗಳ ಹಾಲನ್ನೂ ಅವರೇ ಕರೆದಿದ್ದರು. ಓರಾ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡಳು.

"ಈ ಅಂಗಿ ನಾನು ಹೊಲಿದದ್ದು," ಎಂದಳು. ಆಮೇಲೆ, "ಮುಖ ಇರೋದು ಕೊಡು."

"ಇಲ್ಲ, ಅಮ್ಮಾ."

ಅವಳಿಗೆ ಅರ್ಥವಾಗಲಿಲ್ಲ. ಚಿತ್ರವನ್ನು ಮೆಲ್ಲಗೆ ಮಗುಚಿ, ಹಿಂಬದಿಯ ಬಿಳಿಯ ಕಾಗದವನ್ನು ನೋಡಿದಳು. ಮತ್ತೆ ತಿರುಗಿಸಿದಳು. ಬೈದಿದ್ದರೆ ವೇಣು ತಡೆದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಎದ್ದು ಹೋಗಿ, ಅದನ್ನೇ ಪೆಟ್ಟಿಗೆಯ ಮೇಲಿಟ್ಟಳು.

ಮಣ್ಣು ಮಾಡಿ ಬಂದದ್ದೇ ಏಳೂ ಮನೆಯವರು ಹೊಲಕ್ಕಿಳಿದರು. ಮರುದಿನ ಹಿಮ ಕಟ್ಟುತ್ತದೆಂದು ರೇಡಿಯೋ ಹೇಳಿತ್ತು, ವೆಂಡೆಲ್ ಅರ್ಧ ಅಗೆದು ಬಿಟ್ಟ ಆಲೂಗಡ್ಡೆ ಹಾಗೇ ನೆಲದಲ್ಲಿತ್ತು, ಹಿಮಕ್ಕೆ ಸಿಕ್ಕರೆ ಕೊಳೆತುಹೋಗುತ್ತಿತ್ತು. ಓರಾ ಕರೀ ಉಡುಪಿನ ಮೇಲೇ ಬೂಟು ಮೆಟ್ಟಿ ಬಂದಳು. ವೇಣು ಅವಳ ಪಕ್ಕದ ಸಾಲು ಹಿಡಿದ. ಬೆರಳು ಮರಗಟ್ಟಿದರೂ ನಿಲ್ಲಿಸಲಿಲ್ಲ.

ಸಂಜೆಗೆ ಕೆಲಸ ಮುಗಿಯಿತು. ಓರಾ ಆಲೂಗಡ್ಡೆಯ ಒಂದು ಚೀಲವನ್ನು ಎಳೆದು ತಂದು ಅವನ ಕಾರಿನಲ್ಲಿಟ್ಟಳು.

"ಹೆಂಡ್ತಿಗೆ ಕೊಡು. ದಾರಿ ಜಾರುತ್ತೆ, ನಿಧಾನ ಹೋಗು."

ನ್ಯೂಮಾರ್ಕೆಟ್ ಬರುವ ಮೊದಲೇ ವೇಣು ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತ.