ಬಿಳಿ ಬಟ್ಟೆಯ ದಿನಗಳು

ನಮ್ಮ ಹೊಲಿಗೆ ಅಂಗಡಿಯಲ್ಲಿ ಕತ್ತರಿ ನನ್ನ ಹೆಂಡತಿಯದು, ಮಷಿನ್ ನನ್ನದು. ತಪ್ಪಾಗಿ ಕತ್ತರಿಸಿದ ಬಟ್ಟೆಯನ್ನು ಎಷ್ಟು ಹೊಲಿದರೂ ಅದು ಕೋಟಾಗುವುದಿಲ್ಲ; ಕತ್ತರಿ ಹಿಡಿಯಲು ಬೇಕಾದ ಧೈರ್ಯ ನನಗಿಲ್ಲ. ಅವಳಿಗಿದೆ, ಬೇಕಾದ್ದಕ್ಕಿಂತ ತುಸು ಹೆಚ್ಚೇ ಇದೆ. ತನ್ನ ಮೇಜಿನಿಂದ ಕಲೆಯಾದ ಬಟ್ಟೆ ಹೊರಗೆ ಹೋದದ್ದಿಲ್ಲ ಎಂದು ಬಂದ ಗಿರಾಕಿಗೆಲ್ಲ ಹೇಳಿ ತಲೆ ತಿನ್ನುತ್ತಿದ್ದಳು.

ಹೋದ ವರ್ಷ ಅವಳ ಹೃದಯ ಲಯ ತಪ್ಪಿತು. ಒಮ್ಮೆ ಕುದುರೆಯಂತೆ ಓಡುವುದು, ಇನ್ನೊಮ್ಮೆ ಕಣ್ಣಿಗೆ ಕತ್ತಲೆ ಬರುವಷ್ಟು ನಿಧಾನವಾಗುವುದು. ಡಾಕ್ಟರು ಎಡಭುಜದ ಕೆಳಗೆ ಪೇಸ್‌ಮೇಕರ್ ಕೂರಿಸಿದರು. ಜೊತೆಗೆ ಎರಡು ಬಗೆಯ ಮಾತ್ರೆ ಬರೆದರು: ಓಟಕ್ಕೆ ಲಗಾಮು ಹಾಕಲು ಒಂದು, ರಕ್ತ ಹೆಪ್ಪುಗಟ್ಟದಿರಲು ಇನ್ನೊಂದು.

ತೊಂದರೆ ಶುರುವಾದದ್ದು ಆ ಎರಡನೆಯದರಿಂದ. ಅಳತೆಯ ಕಾಗದವನ್ನು ಬಟ್ಟೆಗೆ ಗುಂಡುಪಿನ್ನಿನಿಂದ ಸಿಕ್ಕಿಸುವಾಗ ಬೆರಳಿಗೆ ಚುಚ್ಚುವುದು ಇದ್ದದ್ದೇ. ಮೊದಲು ಒಮ್ಮೆ ಚೀಪಿಕೊಂಡರೆ ಮುಗಿಯುತ್ತಿತ್ತು. ಈಗ ರಕ್ತ ಬೇಗ ನಿಲ್ಲದು. ಒಂದು ಹೋಟೆಲಿನ ಅಡುಗೆಯವರಿಗೆ ಬಿಳಿ ಕೋಟು ಕತ್ತರಿಸುವಾಗ ಅವಳಿಗೇ ತಿಳಿಯದೆ ಒಂದು ಹನಿ ಬಿದ್ದು ಒಣಗಿತು. ಕೋಟು ಹಾಗೆಯೇ ಹೋಗಿ ಹಾಗೆಯೇ ವಾಪಸು ಬಂತು. ಅವಳು ಯಾರ ಮುಖವನ್ನೂ ನೋಡದೆ ಅದನ್ನು ಹರಿದು ನೆಲ ಒರೆಸುವ ಬಟ್ಟೆ ಮಾಡಿದಳು.

ಆಮೇಲೆ ಈ ಮಹಾತಾಯಿ ಏನು ಮಾಡಿದಳು ಗೊತ್ತೆ? ಬಣ್ಣದ ಬಟ್ಟೆಯಿದ್ದ ದಿನ ಆ ಮಾತ್ರೆ ನುಂಗುವುದು, ಬಿಳಿ ಬಟ್ಟೆಯಿದ್ದ ದಿನ ಬಿಡುವುದು! ಎದೆಯಲ್ಲಿ ಯಂತ್ರವಿದೆಯಲ್ಲ, ಅದೇ ಎಲ್ಲ ನೋಡಿಕೊಳ್ಳುತ್ತದೆ ಎಂಬ ಭಂಡಧೈರ್ಯ. ಎದುರಿಗೇ ಕೂತಿದ್ದ ನನಗೂ ಸುಳಿವು ಕೊಡಲಿಲ್ಲ.

ಒಂದು ಬೆಳಗ್ಗೆ ಕೋಟಿನ ತೋಳು ಕತ್ತರಿಸುತ್ತಿದ್ದವಳ ಕೈಯಿಂದ ಕತ್ತರಿ ಜಾರಿ ನೆಲಕ್ಕೆ ಬಿತ್ತು. ಏನೋ ಹೇಳಲು ಹೋದಳು, ನಾಲಿಗೆ ಹೊರಳಲಿಲ್ಲ. ಬಲಗೈ ಮೇಲೇಳಲಿಲ್ಲ. ಗಲ್ಲಾದಲ್ಲಿದ್ದ ಮಗಳು ಓಡಿಬಂದು ಹಿಡಿದುಕೊಂಡಳು. ಪುಣ್ಯಕ್ಕೆ, ಆಸ್ಪತ್ರೆ ಸೇರುವಷ್ಟರಲ್ಲಿ ಮಾತೂ ಕೈಯೂ ಮರಳಿದವು.

"ಮಾತ್ರೆ ಬಿಟ್ಟಿದ್ರಾ?" ಎಂದು ಡಾಕ್ಟರಮ್ಮ ಕೇಳಿದರು.

"ಬಿಳಿ ಬಟ್ಟೆ ಇದ್ದಾಗ ಮಾತ್ರ. ಪೇಸ್‌ಮೇಕರ್ ಇದೆಯಲ್ಲ?"

"ಅದು ನಿಮ್ಮ ಹೃದಯ ತೀರಾ ನಿಧಾನ ಆಗ್ದಂಗೆ ನೋಡ್ಕೊಳ್ಳುತ್ತೆ, ಅಷ್ಟೆ. ಹೃದಯದ ಮೇಲಿನ ಕೋಣೆಗಳು ನಡುಗೋದನ್ನ ನಿಲ್ಲಿಸಲ್ಲ. ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದ್ರೆ ಲಕ್ವ ಹೊಡೆಯುತ್ತೆ. ಅದನ್ನ ತಡೆಯೋದು ನೀವು ಬಿಟ್ಟ ಮಾತ್ರೆ. ಇವತ್ತು ಬಂದಿದ್ದು ಎಚ್ಚರಿಕೆ."

"ಕೆಲಸಾನೇ ಬಿಡಿಸಿಬಿಡಿ ಡಾಕ್ಟ್ರೇ," ಎಂದಳು ಮಗಳು.

"ನಾನು ಬಿಡಬೇಡಿ ಅಂದಿದ್ದು ಮಾತ್ರೇನ. ಕತ್ತರಿ ಬಿಡಿ ಅಂತ ಹೇಳಿಲ್ಲ. ಚುಚ್ಚಿದ್ರೆ ತಕ್ಷಣ ಬಿಗಿಯಾಗಿ ಒತ್ತಿ ಹಿಡೀಬೇಕು. ಆದ್ರೂ ನಿಲ್ಲದಿದ್ರೆ ಬನ್ನಿ."

ಮಗಳ ಕಿವಿಗೆ ಅದು ಬೀಳಲಿಲ್ಲ. ಅಂಗಡಿಗೆ ಮರಳಿದ ದಿನವೇ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಗಲ್ಲಾದಲ್ಲಿಟ್ಟು ಬೀಗ ಜಡಿದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಮ್ಮನ ಕೈ ಜೋತುಬಿದ್ದದ್ದನ್ನು ಅವಳೂ ಕಂಡಿದ್ದಳು.

"ಅಮ್ಮ, ನಿಂಗೆ ಮನೇಲಿ ಇರೋಕೇನು ಕಷ್ಟ?"

"ಮನೇಲಿದ್ದು ಏನು ಮಾಡ್ಲಿ, ಗೋಡೆ ಕತ್ತರಿಸ್ಲಾ? ಕೇಳು, ಎರಡೂ ಮಾತ್ರೆ ನಿನ್ನ ಕಣ್ಣೆದುರಿಗೇ ನುಂಗ್ತೀನಿ. ಬಿಳಿ ಬಟ್ಟೆ ಇರ್ಲಿ, ಚಿನ್ನದ ಬಟ್ಟೆ ಇರ್ಲಿ, ಒಂದೂ ಬಿಡಲ್ಲ. ನಂಗೂ ಸಾಯೋಕೆ ಪುರುಸೊತ್ತಿಲ್ಲ. ಆದ್ರೆ ಕತ್ತರಿ ನಂದು. ಬೀಗ ತೆಗಿ."

"ರಕ್ತ ಬಿದ್ರೆ?"

"ಬೀಳುತ್ತೆ. ಮೈಯಲ್ಲಿರೋದು ಅದೇ ತಾನೆ?"

ಮಗಳು ನನ್ನ ಕಡೆ ನೋಡಿದಳು. "ಕೊಡಮ್ಮ, ಮೇಜಿನ ಪಕ್ಕದಲ್ಲೇ ನಿಂತು ನೋಡು," ಎಂದೆ. ಅವಳು ಮುಖ ಊದಿಸಿಕೊಂಡೇ ಬೀಗ ತೆಗೆದಳು.

ಮೇಜಿನ ಮೇಲೆ ಅದೇ ಹೋಟೆಲಿನ ಬಿಳಿ ಬಟ್ಟೆ. ಹೆಂಡತಿ ಎರಡೂ ಮಾತ್ರೆ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಮಗಳಿಗೆ ನಾಲಿಗೆ ಚಾಚಿ ತೋರಿಸಿದಳು. ಕಾಗದ ಹರಡಿ ಪಿನ್ನು ಸಿಕ್ಕಿಸತೊಡಗಿದಳು. ನಾಲ್ಕಾರು ಪಿನ್ನು ಸರಿಯಾಗಿ ಹೋದವು. ಆಮೇಲೆ ಅವಳ ಹುಬ್ಬು ಗಂಟಾಯಿತು. ಬಟ್ಟೆಯ ಮೇಲೆ ಕೆಂಪು ಚುಕ್ಕೆ.

ಮೊದಲಾಗಿದ್ದರೆ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಈಗ ಬೀದಿಗೆ ಕೇಳುವಂತೆ ಕೂಗಿದಳು.

"ಚುಚ್ತು!"

ಮಗಳು ಕತ್ತರಿಗೆ ಕೈ ಹಾಕಿದಳು. "ಅದನ್ನ ಬಿಡೇ, ಬೆರಳು ಹಿಡಿ! ಗಟ್ಟಿಯಾಗಿ ಒತ್ತು!" ಎಂದು ಗದರಿದಳು ಅಮ್ಮ. ಮಗಳು ಗಾಬರಿಯಲ್ಲಿ ಎರಡೂ ಕೈಯಿಂದ ಆ ಬೆರಳನ್ನು ಅದುಮಿ ಹಿಡಿದಳು. ಅಮ್ಮ ಇನ್ನೊಂದು ಕೈಯಿಂದ ಬಿಳಿ ದಾರ ಎಳೆದು, ಮುದ್ದೆ ಮಾಡಿ ಬಾಯಲ್ಲಿ ನೆನೆಸಿ, ಹಸಿ ಚುಕ್ಕೆಯ ಮೇಲೆ ಒತ್ತಿ ಒತ್ತಿ ತೆಗೆದಳು. ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಉಪಾಯ ಅದು: ನಮ್ಮ ರಕ್ತಕ್ಕೆ ನಮ್ಮದೇ ಎಂಜಲು, ಒಣಗುವ ಮುಂಚೆ. ಬಚ್ಚಿಟ್ಟರೆ ಒಣಗುತ್ತದೆ. ಚುಕ್ಕೆ ದಾರಕ್ಕೆ ಹತ್ತಿತು, ಬಟ್ಟೆ ಬೆಳ್ಳಗಾಯಿತು.

"ಅಡುಗೆಯವರ ಕೋಟಿಗೆ ಎಂಜಲೇನೆ?" ಎಂದೆ.

"ಒಗೆದೇ ಕೊಡೋದು ಕಣ್ರೀ, ನಿಮ್ಮ ಮಷಿನ್ ತುಳೀರಿ."

ಮಗಳು ಬಹಳ ಹೊತ್ತು ಬೆರಳು ಬಿಡಲಿಲ್ಲ. ಕೊನೆಗೆ ಮೆಲ್ಲಗೆ ಬಿಟ್ಟು ನೋಡಿದಳು. ರಕ್ತ ನಿಂತಿತ್ತು. ಅವಳ ಕಣ್ಣು ಮಾತ್ರ ತುಂಬಿತ್ತು. ಕತ್ತರಿಯನ್ನು ತೆಗೆದು, ಹಿಡಿಯನ್ನು ಅಮ್ಮನ ಕಡೆ ಮಾಡಿ ಚಾಚಿದಳು.

"ಅಳ್ಬೇಡ, ಬಟ್ಟೆ ಮೇಲೆ ಬೀಳುತ್ತೆ," ಎಂದು ಅವಳಮ್ಮ ಕತ್ತರಿ ತೆಗೆದುಕೊಂಡು ತೋಳಿನ ಗೆರೆಗೆ ಹಾಕಿದಳು.